ತೃಣಾವತರಣ ಮೀಮಾಂಸೆ

ಮೆತ್ತನೆಯ ಹುಲ್ಲಿನ ಮೇಲೆ ಹಗುರ ವಿಮಾನ ಇಳಿಸುವ ವಿದ್ಯೆಗೆ ಪುರಾಣದಲ್ಲಿ ಆಧಾರ ಹುಡುಕಿದರೆ ಮೊದಲು ಸಿಗುವವನು ತೃಣಾವರ್ತ. ಹೆಸರಿನಲ್ಲಿ ಹುಲ್ಲಿದೆ, ಹಾರಾಟದ ಅನುಭವವೂ ಇದೆ. ಆದರೆ ಬಾಲಕೃಷ್ಣನನ್ನು ಹೊತ್ತು ಮೇಲೇರಿದ ಆ ಅಸುರ, ಹೊರೆ ತಾಳಲಾರದೆ ವೇಗ ಕಳೆದುಕೊಂಡು ಬಿದ್ದದ್ದು ಬಂಡೆಯ ಮೇಲೆ. ಆದಕಾರಣ ಪ್ರಸ್ತುತ ಪ್ರಬಂಧಕ್ಕೆ ಆತ ಅನರ್ಹ. ನಾವು ಇಂಗ್ಲೆಂಡಿಗೇ ಹೋಗಬೇಕು.

ಬೆಡ್‌ಫರ್ಡ್‌ಶೈರಿನ ಓಲ್ಡ್ ವಾರ್ಡನ್ ಈ ಶಾಸ್ತ್ರದ ಪೀಠ. ಅಲ್ಲಿನ ಶಟಲ್‌ವರ್ತ್ ಸಂಗ್ರಹದ 1909ರ ಬ್ಲೇರಿಯೊ ವಿಮಾನ, ಗಾಳಿಯಾಡದ ಸಂಜೆಗಳಲ್ಲಿ ಹುಲ್ಲಿನಿಂದ ತುಸು ಎಗರಿ ಹುಲ್ಲಿಗೇ ಇಳಿಯುತ್ತದೆ. ಹೆಚ್ಚು ಏರದವನಿಗೆ ಇಳಿಯುವ ಚಿಂತೆಯೂ ಕಡಿಮೆ. ಆಧುನಿಕರು ಈ ವಿನಯ ಕಲಿಯಲಿಲ್ಲ.

ಹುಲ್ಲು ಮೆತ್ತಗಿದೆ, ಹೇಗೆ ಬಿದ್ದರೂ ನೋಯದು ಎಂಬುದು ಪೂರ್ವಪಕ್ಷ. ಇದು ಹಾಸಿಗೆಯ ತರ್ಕ. ಸಿದ್ಧಾಂತಿಯ ಉತ್ತರ: ಮೆತ್ತಗಿರುವುದೇ ತೊಂದರೆ. ಕೆಸರು ಚಕ್ರಗಳನ್ನು ಹಿಡಿದರೆ ಮೂತಿ ಮುಂದಕ್ಕೆ ಬಾಗುತ್ತದೆ. ಸೆಸ್ನಾ 172ರಂಥವುಗಳ ಮೂತಿಚಕ್ರ ಹೂತಿತೋ, ಪ್ರೊಪೆಲ್ಲರ್ ಉಳುಮೆಗೆ ತೊಡಗುತ್ತದೆ, ಅದೂ ಮಣ್ಣಿನ ಪರೀಕ್ಷೆ ಮಾಡಿಸದೆ.

ಆದ್ದರಿಂದ ಫ್ಲ್ಯಾಪ್ ಪೂರ್ತಿ ಇಳಿಸಿ, ವೇಗವನ್ನು ಕ್ಷೇಮವಾಗಿ ಎಷ್ಟು ತಗ್ಗಿಸಬಹುದೋ ಅಷ್ಟು ತಗ್ಗಿಸಿ, ನೆಲ ತಾಗುವ ಗಳಿಗೆಗೆ ಎಂಜಿನ್ನಿನಲ್ಲಿ ಎಳ್ಳಷ್ಟು ಬಲ ಉಳಿಸಿಕೊಂಡು, ಹಿಂದಿನ ಎರಡು ಚಕ್ರಗಳ ಮೇಲೆ ಕೂರತಕ್ಕದ್ದು. ಆಮೇಲೂ ಹಿಡಿಯನ್ನು ಎದೆಯತ್ತ ಎಳೆದೇ ಇರತಕ್ಕದ್ದು. ಇಲ್ಲೊಂದು ತಾತ್ತ್ವಿಕ ಬಿಕ್ಕಟ್ಟು. ಚಕ್ರ ನೆಲದ ಮೇಲಿದೆ, ಭಾರದ ಬಹುಪಾಲು ಇನ್ನೂ ರೆಕ್ಕೆಯ ಮೇಲಿದೆ. ವಿಮಾನ ಇಳಿಯಿತೇ? ಇಳಿಯಿತು ಎನ್ನುತ್ತಾನೆ ದ್ವೈತಿ. ಇಳಿಯುವುದೇ ಮಿಥ್ಯೆ ಎನ್ನುತ್ತಾನೆ ಅದ್ವೈತಿ. ಇಳಿದೂ ಇಳಿದಿಲ್ಲ ಎನ್ನುವವನು ಭೇದಾಭೇದವಾದಿ. ಪರೀಕ್ಷಕರು ಲೈಸೆನ್ಸ್ ಕೊಡುವುದು ಅವನಿಗೆ ಮಾತ್ರ.

ಇನ್ನು ಗಣಿತ. ಬ್ರಿಟಿಷ್ ವಾಯುಯಾನ ಪ್ರಾಧಿಕಾರದ ಸಲಹೆಯಂತೆ ಇಳಿಯಲು ಬೇಕಾದ ದೂರವನ್ನು ಒಣಹುಲ್ಲಿಗೆ 1.15ರಿಂದ, ಒದ್ದೆ ಹುಲ್ಲಿಗೆ 1.35ರಿಂದ ಗುಣಿಸಿ, ಸುರಕ್ಷತೆಗೆಂದು ಮತ್ತೆ 1.43ರಿಂದ ಗುಣಿಸಬೇಕು. ಕೈಪಿಡಿ 400 ಮೀಟರ್ ಎಂದರೆ ಮಳೆ ಬಿದ್ದ ಮರುದಿನ ಅದು 772 ಮೀಟರ್. ಒದ್ದೆ ಹುಲ್ಲನ್ನು ತೀರಾ ಗಿಡ್ಡಗೆ ಕತ್ತರಿಸಿದ್ದರೆ ಜಾರಿಕೆ ಇನ್ನೂ ಹೆಚ್ಚು, ಗುಣಕ 1.6ರವರೆಗೆ ಹೋಗುತ್ತದೆ. ಹೀಗೆ ಮೈದಾನದ ಮಾಲಿಯ ಅತಿಶ್ರದ್ಧೆಯೂ ವಾಯುಯಾನಕ್ಕೆ ವಿಘ್ನವೆಂದು ಸಾಬೀತಾಗುತ್ತದೆ. ಶಾಸ್ತ್ರಗ್ರಂಥಗಳು ಮಾಲಿಯ ಬಗ್ಗೆ ಮೌನವಾಗಿವೆ.

ಬ್ರೇಕಿನ ವಿಚಾರ ಚಿಕ್ಕದು: ಅದು ಇದೆ ಎಂದು ತಿಳಿದಿರಬೇಕು, ಒತ್ತಬಾರದು. ಒತ್ತಿದರೆ ಒದ್ದೆಯಲ್ಲಿ ಚಕ್ರ ಜಾರುತ್ತದೆ, ಮೆದುನೆಲದಲ್ಲಿ ಮೂತಿ ಕುಸಿಯುತ್ತದೆ.

ನಿಲ್ಲಲೂಬಾರದು. ಗಟ್ಟಿನೆಲ ಸಿಗುವವರೆಗೆ ಉರುಳುತ್ತಲೇ ಇರಬೇಕು. ನಡುವೆ ಫೋಟೋಕ್ಕೆಂದು ನಿಂತು ಹೂತುಹೋದವರ ಉದ್ಧಾರ ಟ್ರ್ಯಾಕ್ಟರ್ ಪ್ರಕರಣದಲ್ಲಿ ಬರುತ್ತದೆ. ಆ ಪ್ರಕರಣದ ಅಧಿಕೃತ ಭಾಷ್ಯಕಾರ ಪಕ್ಕದ ಹೊಲದ ರೈತ; ಆತ ದಕ್ಷಿಣೆ ಮುಂಗಡವಾಗಿಯೇ ಕೇಳುತ್ತಾನೆ.