ಅಡಿಗೆರೆ ಎಳೆದ ಉತ್ತರಕ್ಕೆ ಪ್ರಶ್ನೆ ಬರೆಯಿರಿ

ಇಂಗ್ಲಿಷಿನಲ್ಲಿ ವಾಕ್ಯ ಎಷ್ಟು ತೆರ ಎಂದು ಸಿಂಧನೂರಿನ ಯಾವ ಹೈಸ್ಕೂಲ್ ಹುಡುಗನನ್ನು ಕೇಳಿದರೂ ಒಂದೇ ಉಸಿರಿಗೆ ಹೇಳುತ್ತಾನೆ: ಅಸರ್ಟಿವ್, ಇಂಟರಾಗೇಟಿವ್, ಇಂಪರೇಟಿವ್, ಎಕ್ಸ್‌ಕ್ಲಮೇಟರಿ. ಸರಿ, ಈ ನಾಲ್ಕರಲ್ಲಿ ನಿನಗೆ ಬೇಕಾದ್ದರಲ್ಲಿ ಒಂದು ಮಾತಾಡು ಎಂದರೆ ಮಾತ್ರ ಪಕ್ಕದವನ ಮುಖ ನೋಡುತ್ತಾನೆ. ತಪ್ಪು ಅವನದಲ್ಲ. ಪರೀಕ್ಷೆಯಲ್ಲಿ ಕೇಳುವುದು ವಾಕ್ಯದ ಜಾತಿಯನ್ನು. ಜಾತಿ ಗುರುತಿಸುವುದರಲ್ಲಿ ನಾವು ಮೊದಲಿನಿಂದಲೂ ಹುಷಾರು.

ಅವನ ಬಾಯಲ್ಲಿ ದಿನವೂ ಬರುವ ಇಂಟರಾಗೇಟಿವ್ ಒಂದಿದೆ. ಕ್ಲಾಸಿನ ಬಾಗಿಲಲ್ಲಿ ಚಪ್ಪಲಿ ಬಿಡುತ್ತ, "ಮೇಯಾಕಮಿನ್‌ಸಾರ್". ಎಲ್ಲ ಸೇರಿ ಒಂದೇ ಪದ. ಕೊನೆಗೆ ದನಿ ಏರುವುದಿಲ್ಲ, ಉತ್ತರಕ್ಕೆ ಕಾಯುವ ಪದ್ಧತಿಯೂ ಇಲ್ಲ. ಸರ್ ಬೋರ್ಡಿನಿಂದ ಮುಖ ತಿರುಗಿಸದೆ ಎಡಗೈ ಆಡಿಸುವಷ್ಟರಲ್ಲಿ ಹುಡುಗ ಬೆಂಚು ಸೇರಿರುತ್ತಾನೆ. ಬೋರ್ಡಿನ ಮೇಲೆ "ವಾಟ್ ಎ ಬ್ಯೂಟಿಫುಲ್ ಫ್ಲವರ್!" ಎಂದಿದೆ. ತಗಡಿನ ಶೀಟಿನ ಕೆಳಗೆ ಮಾರ್ಚಿ ಬಿಸಿಲಿಗೆ ಬೇಯುತ್ತಿರುವ ಮಕ್ಕಳು ಆ ಹೂವಿಗೆ ಸಾಮೂಹಿಕವಾಗಿ ಮೂರು ಸಲ ಬೆರಗಾಗುತ್ತಾರೆ. ಆಮೇಲೆ ವಾಕ್ಯವನ್ನು ಅಸರ್ಟಿವ್‌ಗೆ ಬದಲಾಯಿಸಿ ಬೆರಗನ್ನು ತೆಗೆದುಹಾಕುತ್ತಾರೆ. ತೆಗೆದದ್ದಕ್ಕೇ ಅಂಕ.

ಇದೇ ಮಕ್ಕಳು ಮನೆಗೆ ಹೋದರೆ ಆರ್.ಎಚ್. ಕ್ಯಾಂಪಿನಲ್ಲಿ ಬಂಗಾಳಿ, ಆಂಧ್ರ ಕ್ಯಾಂಪಿನಲ್ಲಿ ತೆಲುಗು, ತಾಂಡಾದಲ್ಲಿ ಲಂಬಾಣಿ, ಬಜಾರಿನಲ್ಲಿ ಉರ್ದು, ಎಲ್ಲ ಕಡೆ ಕನ್ನಡ. ಭತ್ತದ ರೇಟನ್ನು ಮೂರು ಭಾಷೆಯಲ್ಲಿ ಚೌಕಾಸಿ ಮಾಡುತ್ತಾರೆ. ಯಾವ ಭಾಷೆಯಲ್ಲೂ ವಾಕ್ಯದ ವಿಧ ಯಾವುದೆಂದು ಅವರಿಗೆ ಗೊತ್ತಿಲ್ಲ. ಬಹುಶಃ ಅದಕ್ಕೇ ಮಾತಾಡಲು ಬರುತ್ತದೆ.

ನಮಗೆ ಹೇಳಬೇಕಾದ್ದನ್ನು ನಮ್ಮದಲ್ಲದ ನುಡಿಯಲ್ಲಿ ಹೇಳುವ ಆಡಳಿತ ಪದ್ಧತಿಗೆ ಈ ಸೀಮೆಯಲ್ಲಿ 2,200 ವರ್ಷ ಮೀರಿದ ಇತಿಹಾಸವಿದೆ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಮಸ್ಕಿಯಲ್ಲಿ ಪತ್ತೆಹಚ್ಚಿದ ಶಾಸನವನ್ನೇ ನೋಡಿ. ದೇವಾನಾಂಪ್ರಿಯ ಎಂದರೆ ಅಶೋಕನೇ ಎಂದು ಹೆಸರು ಹಿಡಿದು ಹೇಳಿ ಚರಿತ್ರೆಕಾರರ ತಲೆನೋವು ಕಳೆದ ಕಲ್ಲು ಅದು. ಧರ್ಮದ ಫಲ ಸಣ್ಣವರಿಗೂ ದಕ್ಕುತ್ತದೆ, ದೊಡ್ಡವರಿಗಷ್ಟೇ ಎಂದುಕೊಳ್ಳಬೇಡಿ, ಇಬ್ಬರಿಗೂ ತಿಳಿಸಿ ಎಂಬುದು ಅದರ ತಾತ್ಪರ್ಯ. ಕೆತ್ತಿಸಿದ್ದು ಮಾತ್ರ ಪ್ರಾಕೃತದಲ್ಲಿ. ಈಗ ಅದೇ ಸಂದೇಶವನ್ನು ಸ್ಪೋಕನ್ ಇಂಗ್ಲಿಷ್ ಕೋಚಿಂಗ್‌ನವರು ಬ್ಯಾನರಿನಲ್ಲಿ ಸಾರುತ್ತಾರೆ: ಯಾರು ಬೇಕಾದರೂ ಕಲಿಯಬಹುದು, ಫೀಸು ಮುಂಗಡ. ನಡುವೆ ನಿಜಾಮರ ಕಾಲ. 1948ರ ಸೆಪ್ಟೆಂಬರ್‌ವರೆಗೆ ಹೈಸ್ಕೂಲಿನ ಮೆಟ್ಟಿಲು ಹತ್ತಿದ ಅಜ್ಜಂದಿರು ಉರ್ದುವಿನಲ್ಲೇ ಓದಿ, ಉರ್ದುವಿನಲ್ಲೇ ಅರ್ಜಿ ಬರೆದರು. ಮೊಮ್ಮಕ್ಕಳಿಗೆ 2007ರಿಂದ ಒಂದನೇ ಕ್ಲಾಸಿನಲ್ಲೇ ಇಂಗ್ಲಿಷ್.

ಲಿಂಗಸುಗೂರಿನಲ್ಲಂತೂ ಬ್ರಿಟಿಷ್ ಅಧಿಕಾರಿಗಳ ಕೈಕೆಳಗಿದ್ದ ಹೈದರಾಬಾದ್ ಕಂಟಿಂಜೆಂಟ್ ಪಡೆಯ ದಂಡೇ ಇತ್ತು. ದೊರೆಗಳು ಹೋದರು, ಇಂಪರೇಟಿವ್ ಉಳಿಯಿತು. ಸರ್ಕಾರಿ ಕಚೇರಿಯ ಕಿಟಕಿಗಳಲ್ಲಿ ಅದು ಇಂದಿಗೂ ಶುದ್ಧವಾಗಿದೆ: "ನಾಳೆ ಬಾ." ಹಿಂದೆ ದೆವ್ವ ಒಳಗೆ ಬರದಿರಲೆಂದು ಬಾಗಿಲ ಮೇಲೆ ಬರೆಯುತ್ತಿದ್ದ ವಾಕ್ಯ; ಈಗ ಅರ್ಜಿದಾರರಿಗೆ ಬಾಯಲ್ಲೇ ಹೇಳುತ್ತಾರೆ. ಇಂಪರೇಟಿವ್‌ನಲ್ಲಿ ಕರ್ತೃ ಕಾಣಿಸುವುದಿಲ್ಲ, ಕೇಳಿಸಿಕೊಳ್ಳುವವನೇ ಕರ್ತೃ ಎಂದು ತಿಳಿಯಬೇಕು ಎನ್ನುತ್ತದೆ ಪಾಠ. ಕಚೇರಿಯಲ್ಲೂ ಹಾಗೇ. ಕೆಲಸವಾಗದಿದ್ದರೆ ಹೊಣೆ ಅರ್ಜಿ ಹಾಕಿದವನದು.

ಇನ್ನು ರಚನೆಯ ಲೆಕ್ಕದಲ್ಲಿ ಸಿಂಪಲ್, ಕಾಂಪೌಂಡ್, ಕಾಂಪ್ಲೆಕ್ಸ್ ಎಂಬ ವಿಂಗಡಣೆ. ಗೈಡ್ ಓದಿ ತಿಳಿಯದವರು ಮಸ್ಕಿ ತಾಲ್ಲೂಕಿನ ಪಾಮನಕಲ್ಲೂರಿಗೆ ಹೋಗಬಹುದು. 2020ರ ಕೊನೆಯಲ್ಲಿ ಅಲ್ಲಿ ಧರಣಿ ಕುಳಿತ ರೈತರದು ಸಿಂಪಲ್ ಸೆಂಟೆನ್ಸ್: ನಾರಾಯಣಪುರ ಬಲದಂಡೆಯಿಂದ 5ಎ ಕಾಲುವೆ ಮಾಡಿಕೊಡಿ. ಒಂದೇ ಕ್ರಿಯಾಪದ, ಉಪವಾಕ್ಯವಿಲ್ಲ. ಸರ್ಕಾರದ ಉತ್ತರ ಕಾಂಪ್ಲೆಕ್ಸ್. 5ಎ ಕಾರ್ಯಸಾಧ್ಯವಲ್ಲದ್ದರಿಂದ, ನಂದವಾಡಗಿ ಏತ ನೀರಾವರಿ ಹೇಗೂ ಇರುವುದರಿಂದ, ಅದು ಪೂರ್ಣಗೊಂಡಾಗ... ಉಪವಾಕ್ಯದ ಮೇಲೆ ಉಪವಾಕ್ಯ ಬಂದು, ಮುಖ್ಯ ವಾಕ್ಯ ಬರುವುದರೊಳಗೆ 2021ರ ಏಪ್ರಿಲ್‌ನ ಉಪಚುನಾವಣೆ ಬಂತು. ಅಂದಿನ ಆಳುವ ಪಕ್ಷದ ಅಭ್ಯರ್ಥಿ 30 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ಗೆದ್ದವರ ಪಾಳಯದಿಂದ ಎಕ್ಸ್‌ಕ್ಲಮೇಟರಿ ಶುರುವಾಯಿತು. ಫ್ಲೆಕ್ಸುಗಳಲ್ಲಿ ಒಂದೊಂದು ವಾಕ್ಯಕ್ಕೆ ಮೂರು ಮೂರು ಆಶ್ಚರ್ಯಸೂಚಕ.

ತುಂಗಭದ್ರಾ ಎಡದಂಡೆಯ ಕೊನೆ ಭಾಗದ ರೈತ ಕೇಳುವುದೂ ಗಿಡ್ಡ ಪ್ರಶ್ನೆಯೇ: "ನೀರು ಯಾವಾಗ ಬರ್ತಾವ್ರಿ ಸಾಹೇಬ್ರ?" ಉತ್ತರ: "ಬಿಡಲಾಗುವುದು." ಯಾರು, ಯಾವಾಗ, ಎಷ್ಟು ಎಂಬುದು ವಾಕ್ಯದ ಸುತ್ತಳತೆಯಲ್ಲಿ ಬರುವುದಿಲ್ಲ. 2024ರ ಆಗಸ್ಟ್ 10ರ ರಾತ್ರಿ ಚೈನು ಕಡಿದು ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದದ್ದೊಂದೇ ಈ ಇಡೀ ವ್ಯವಹಾರದಲ್ಲಿ ನೇರ ಅಸರ್ಟಿವ್. ಗೇಟಿಗೆ ವ್ಯಾಕರಣ ಗೊತ್ತಿರಲಿಲ್ಲ.

ಎಸ್ಸೆಸ್ಸೆಲ್ಸಿ ಇಂಗ್ಲಿಷ್ ಪತ್ರಿಕೆಯಲ್ಲಿ ಒಂದು ಅಂಕಕ್ಕೆ ಬರುವ ಪ್ರಶ್ನೆಯೊಂದಿದೆ: ಅಡಿಗೆರೆ ಎಳೆದ ಪದವೇ ಉತ್ತರವಾಗುವಂತೆ ಪ್ರಶ್ನೆ ರಚಿಸಿ. ನಮ್ಮ ಕಡೆಯ ಬದುಕಿಗೆ ಇಷ್ಟು ಹತ್ತಿರವಾದದ್ದು ಪಠ್ಯದಲ್ಲಿ ಇನ್ನೊಂದಿಲ್ಲ. ಉತ್ತರ ಮೊದಲೇ ಅಚ್ಚಾಗಿರುತ್ತದೆ, ಗೆರೆಯನ್ನು ಬೇರೆ ಯಾರೋ ಎಳೆದಿರುತ್ತಾರೆ, ಅದಕ್ಕೆ ಒಪ್ಪುವ ಪ್ರಶ್ನೆಯನ್ನಷ್ಟೇ ನಾವು ಹೊಂದಿಸಿ ಬರೆಯಬೇಕು. ಗ್ರಾಮಸಭೆಯಲ್ಲಿ, ಜನಸ್ಪಂದನದಲ್ಲಿ, ನೀರಾವರಿ ಸಲಹಾ ಸಮಿತಿ ಸಭೆಯಲ್ಲಿ ದೊಡ್ಡವರು ಮಾಡುವುದೂ ಇದನ್ನೇ, ಅಂಕವಿಲ್ಲದೆ. ಆದ್ದರಿಂದ ಮಕ್ಕಳೇ, ಉಳಿದದ್ದು ಬಿಟ್ಟರೂ ಇದೊಂದನ್ನು ಬಿಡಬೇಡಿ. ಹತ್ತು ವರ್ಷದ ಶಾಲೆಯಲ್ಲಿ ಪ್ರಶ್ನೆ ಕೇಳಿದ್ದಕ್ಕೆ ಅಂಕ ಕೊಡುವ ಜಾಗ ಇದೊಂದೇ, ಕೊಡುವುದೂ ಒಂದೇ ಅಂಕ.