ಐದು ಸ್ಟಾರ್ ಆತ್ಮಸಾಕ್ಷಿ

ಮನೆಯಲ್ಲೇ ಪರಿಸರಸ್ನೇಹಿ ಕಚೇರಿ ಮಾಡಿಕೊಳ್ಳುತ್ತೇನೆಂದು ಬೆಂಗಳೂರಿನ ಟೆಕ್ಕಿಯೊಬ್ಬ ಸಂಕಲ್ಪ ಮಾಡಿದನೆಂದರೆ ಮೊದಲು ಬಲಿಯಾಗುವುದು ತಾತನ ಕಾಲದ ತೇಗದ ಮೇಜು. ಮರ ಕಡಿದು ಮಾಡಿದ ಅಂಥ ಪಾಪದ ಮೇಲೆ ಲ್ಯಾಪ್‌ಟಾಪ್ ಇಡುವುದಾದರೂ ಹೇಗೆ? ಆ ಮರ ಉರುಳಿ ಅರವತ್ತು ವರ್ಷವಾಯಿತು, ಇನ್ನು ಅರವತ್ತು ವರ್ಷ ಮೇಜು ಅಲುಗಾಡುವುದಿಲ್ಲ ಎಂಬುದು ಅಮ್ಮನ ವಾದ. ಅಮ್ಮನಿಗೆ ಸಸ್ಟೈನಬಿಲಿಟಿ ಗೊತ್ತಿಲ್ಲ. ಹಾಲಿನ ಕವರು ತೊಳೆದು, ಒಣಗಿಸಿ, ಜೋಡಿಸಿ ರದ್ದಿಯವನಿಗೆ ಹಾಕುವುದಷ್ಟೇ ಗೊತ್ತು.

ತೇಗ ಹೋದ ಜಾಗಕ್ಕೆ ಬಿದಿರಿನ ಮೇಜು ಬರುತ್ತದೆ. ಬಿದಿರು ಹುಲ್ಲಿನ ಜಾತಿ, ಕಡಿದರೂ ಚಿಗುರುತ್ತದೆ ಎಂದು ಅದರ ಜತೆಗಿನ ಚೀಟಿ ಉಪದೇಶ ಮಾಡುತ್ತದೆ. ಚೀಟಿಯ ಹಿಂಬದಿಯಲ್ಲಿ, ಭೂತಗನ್ನಡಿಗೆ ಮಾತ್ರ ಕಾಣುವಂತೆ, ಅದು ಚೀನಾದಲ್ಲಿ ಚಿಗುರಿದ್ದೆಂದೂ ಇರುತ್ತದೆ. ಬ್ಯಾಂಬೂ ಬಜಾರಿನಲ್ಲಿ ಬಿದಿರು ಗೋಡೆಗೊರಗಿ ನಿಂತಿದೆ, ಬುಟ್ಟಿ ಹೆಣೆಯುವ ಮೇದರು ಇನ್ನೂ ರಸ್ತೆ ಬದಿಯಲ್ಲಿದ್ದಾರೆ. ಆದರೆ ಅವರ ಬಳಿ ಸರ್ಟಿಫಿಕೇಟಿಲ್ಲ, ಇಎಂಐ ಇಲ್ಲ. ಸಮುದ್ರ ದಾಟಿದ ಹುಲ್ಲೇ ಶ್ರೇಷ್ಠ. ಅದನ್ನು ಸುತ್ತಿದ್ದ ಥರ್ಮಾಕೋಲ್ ಮತ್ತು ಬಬಲ್ ರ‍್ಯಾಪನ್ನು ಮಾತ್ರ ಯಾರೂ ಫೋಟೋ ತೆಗೆಯುವುದಿಲ್ಲ.

ಮೇಜಿನ ಮೇಲೆ ಗಿಡ ಇರಲೇಬೇಕು, ಗಾಳಿ ಶುದ್ಧಿಗೆ. ಈ ನಂಬಿಕೆಯ ಬೇರು 1989ರಲ್ಲಿದೆ. ಬಾಹ್ಯಾಕಾಶದಲ್ಲಿರುವವರಿಗಾಗಿ ಯೋಚಿಸುತ್ತಿದ್ದ ನಾಸಾ, ಮುಚ್ಚಿದ ಪೆಟ್ಟಿಗೆಗಳಲ್ಲಿ ಗಿಡ ಇಟ್ಟು, ಅವು ಕೆಲವು ವಿಷಾನಿಲಗಳನ್ನು ತಗ್ಗಿಸುತ್ತವೆಂದು ತೋರಿಸಿತು. ನರ್ಸರಿಯವರು ಇವತ್ತಿಗೂ ಆ ಪೆಟ್ಟಿಗೆಯನ್ನೇ ಮಾರುತ್ತಿದ್ದಾರೆ. 2019ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ಇಂಥ ಪ್ರಯೋಗಗಳನ್ನು ಗುಡ್ಡೆ ಹಾಕಿ ಲೆಕ್ಕ ಮಾಡಿದರು: ಮಾಮೂಲಿ ಕಟ್ಟಡದಲ್ಲಿ ತಾನಾಗಿ ಆಡುವ ಗಾಳಿ ಮಾಡುವಷ್ಟು ಕೆಲಸವನ್ನು ಗಿಡಗಳು ಮಾಡಬೇಕಾದರೆ ಚದರ ಮೀಟರಿಗೆ 10ರಿಂದ 1,000 ಗಿಡ ಬೇಕು. ಹತ್ತಡಿ ಉದ್ದ ಹತ್ತಡಿ ಅಗಲದ ಕೋಣೆಗೆ ಕಡಿಮೆಯೆಂದರೂ ತೊಂಬತ್ತು ಕುಂಡ. ಟೆಕ್ಕಿ ಹೊರಗೆ ಮೆಟ್ಟಿಲ ಮೇಲೆ ಕೂತು ಕೋಡ್ ಬರೆಯಬೇಕು. ಆ ತೊಂಬತ್ತಕ್ಕೂ ನೂರು ಕಿಲೋಮೀಟರ್ ದೂರದಿಂದ ಪಂಪು ಹೊಡೆದು ಮೇಲೆತ್ತಿದ ಕಾವೇರಿಯನ್ನೇ ಹೊಯ್ಯಬೇಕು. 2024ರ ಮಾರ್ಚಿನಲ್ಲಿ ಊರು ಒಣಗಿದಾಗ, ಕುಡಿಯುವ ನೀರನ್ನು ಕೈತೋಟಕ್ಕೆ ಬಿಟ್ಟರೆ 5,000 ರೂಪಾಯಿ ದಂಡ ಎಂದಿತ್ತು ಜಲಮಂಡಳಿ.

ಕಿಟಕಿ ತೆಗೆದರೆ ಮುಗಿಯಿತಲ್ಲ? ತೆಗೆಯುವಂತಿಲ್ಲ. ಪಕ್ಕದ ಸೈಟಿನಲ್ಲಿ ಬೋರ್‌ವೆಲ್ ಕೊರೆಯುತ್ತಿದ್ದಾರೆ.

ಹಾಗಾಗಿ ಎಸಿ. ಐದು ಸ್ಟಾರಿನದು, ಅಂದಮೇಲೆ ಪಾಪ ಅಂಟದು. ಒಂದೂವರೆ ಟನ್ನಿನ ಎಸಿ ಪೂರ್ತಿ ಓಡುವಾಗ ಸುಮಾರು 1,500 ವಾಟ್ ಎಳೆಯುತ್ತದೆ; ಈಗಿನ ಬಿಎಲ್‌ಡಿಸಿ ಫ್ಯಾನಿಗೆ 30-35 ಸಾಕು. ಆದರೆ ಫ್ಯಾನಿಗೆ ಸ್ಟಾರ್ ಇದ್ದರೂ ಗತ್ತಿಲ್ಲ. ಕರೆಂಟು ಹಸಿರೇ ಅಲ್ಲವೇ, ಪಾವಗಡದಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಇದೆಯಲ್ಲ ಎನ್ನುತ್ತಾನೆ ಟೆಕ್ಕಿ. ಇದೆ. ಅಮೆರಿಕದ ಕ್ಲೈಂಟು ಎದ್ದು ಹಲ್ಲುಜ್ಜಿ ಕಾಲ್ ಶುರು ಮಾಡುವ ಹೊತ್ತಿಗೆ ಪಾವಗಡದಲ್ಲಿ ಸೂರ್ಯ ಮುಳುಗಿರುತ್ತಾನೆ. ಸಂಜೆಯ ಆ ಬೇಡಿಕೆ ಪೂರೈಸಲೆಂದೇ ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯದಲ್ಲಿ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ ಹಾಕಿಕೊಂಡಿರುವುದು. ಗೇರುಸೊಪ್ಪೆಯ ನೀರನ್ನು ತಳಕಳಲೆಗೆ ಎತ್ತಿ ಮತ್ತೆ ಕೆಳಕ್ಕೆ ಬಿಡುವ ಯೋಜನೆ ಅದು. ಮರ ಉಳಿಸಲು ಮೇಜು ಬಿಟ್ಟವನ ಸಂಜೆಯ ತಂಪಿಗೆ ಕಾಡಿನ ಮರಗಳು ಸರದಿಯಲ್ಲಿ ನಿಂತಿವೆ. ಸಿಂಗಳೀಕಗಳಿಗೆ ಇನ್ನೂ ವರ್ಕ್ ಫ್ರಮ್ ಹೋಮ್ ಸೌಲಭ್ಯ ಸಿಕ್ಕಿಲ್ಲ. ಇದ್ದ ಹೋಮೇ ಹೋಗುತ್ತಿದೆ.

ಹುಡುಗನೊಬ್ಬನನ್ನೇ ಬೈದರೆ ಅನ್ಯಾಯ. ಅಸಲಿ ಪವಾಡ ಪುರುಷ ಕಂಪನಿ. ದೇಶದ ಮೊದಲ ಸಾವಿರ ಲಿಸ್ಟೆಡ್ ಕಂಪನಿಗಳು 2022-23ರಿಂದ ಸೆಬಿಗೆ ಬಿಆರ್‌ಎಸ್‌ಆರ್ ಎಂಬ ಪರಿಸರ-ಜವಾಬ್ದಾರಿ ವರದಿ ಒಪ್ಪಿಸಬೇಕು. ಅದರ ಇಂಗಾಲದ ಲೆಕ್ಕದಲ್ಲಿ ತಾನು ಸುಡುವ ಡೀಸೆಲ್ಲು ಸ್ಕೋಪ್ 1, ತಾನು ಕೊಳ್ಳುವ ಕರೆಂಟು ಸ್ಕೋಪ್ 2, ಎರಡನ್ನೂ ಬರೆಯಲೇಬೇಕು. ಉಳಿದದ್ದು, ನೌಕರರ ಓಡಾಟವೂ ಸೇರಿ, ಸ್ಕೋಪ್ 3. ಬರೆದರೂ ಸರಿ, ಬಿಟ್ಟರೂ ಸರಿ. ಹತ್ತು ಸಾವಿರ ಜನ ಮನೆಗೆ ಹೋದರೆ ಕಚೇರಿಯ ಮೀಟರ್ ಇಳಿಯುತ್ತದೆ, ಹತ್ತು ಸಾವಿರ ಮಲಗುವ ಕೋಣೆಗಳ ಮೀಟರ್ ಏರುತ್ತದೆ. ಇಳಿದದ್ದು ವರದಿಗೆ, ಏರಿದ್ದು ಅಪ್ಪನ ಹೆಸರಿಗೆ ಬರುವ ಬೆಸ್ಕಾಂ ಬಿಲ್ಲಿಗೆ. ಔಟರ್ ರಿಂಗ್ ರೋಡಿನಲ್ಲಿ ಅಷ್ಟು ಕಾರು ನಿಲ್ಲದಿರುವುದು ನಿಜವಾದ ಉಳಿತಾಯ, ಅಲ್ಲಗಳೆಯುವುದಿಲ್ಲ. ಆ ಪುಣ್ಯವನ್ನೂ ಹುಡುಗ ಬಹಳ ಹೊತ್ತು ಇಟ್ಟುಕೊಳ್ಳುವುದಿಲ್ಲ: ಮನೆ ಬೇಜಾರಾಗಿ ಹನ್ನೊಂದಕ್ಕೆ ಕಾರು ತೆಗೆದು ಕೆಫೆಗೆ ಹೋಗುತ್ತಾನೆ.

ಕಂಪನಿ ಉಪಕಾರ ಸ್ಮರಣೆ ಮರೆಯುವುದಿಲ್ಲ. ಜೂನ್ 5ಕ್ಕೆ ಮನೆಗೊಂದು ಕಿಟ್ ಬರುತ್ತದೆ: ಸೆಣಬಿನ ಚೀಲ, ತಾಮ್ರದ ಬಾಟಲಿ, ಬರೆದು ಮುಗಿದ ಮೇಲೆ ನೆಟ್ಟರೆ ಗಿಡವಾಗುವ ಪೆನ್ನು. ಹದಿನಾಲ್ಕನೇ ಮಹಡಿಯಲ್ಲಿ ಎಲ್ಲಿ ನೆಡಬೇಕೆಂದು ಸೂಚನೆ ಇರುವುದಿಲ್ಲ. ಮೂರು ವರ್ಷ ತುಂಬಿದರೆ 'ಕಡಿಮೆ ವಿದ್ಯುತ್ ಬಳಸುವ' ಹೊಸ ಲ್ಯಾಪ್‌ಟಾಪೂ ಬರುತ್ತದೆ. ಲ್ಯಾಪ್‌ಟಾಪಿನ ಜೀವಮಾನದ ಇಂಗಾಲದಲ್ಲಿ ಬಹುಪಾಲು ಅದನ್ನು ತಯಾರಿಸುವಾಗಲೇ ಖರ್ಚಾಗಿರುತ್ತದೆ, ಚಾರ್ಜರಿನಲ್ಲಿ ಉಳಿಸಿದ ಪುಡಿಗಾಸು ಆ ಸಾಲ ತೀರಿಸದು ಎಂಬುದನ್ನು ಜಾಹೀರಾತಿನವರು ಯಾಕೆ ಹೇಳಿಯಾರು? ಹಳೆಯ ಯಂತ್ರಗಳನ್ನು ನೋಂದಾಯಿತ ಮರುಬಳಕೆದಾರರಿಗೇ ತಲುಪಿಸಬೇಕೆಂದು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಿವೆ. ಮನೆಯ ಡ್ರಾಯರಿನಲ್ಲಿರುವ ಚಾರ್ಜರು, ಮೌಸು, ಹೆಡ್‌ಫೋನುಗಳು ಮಾತ್ರ ಗುಜರಿಗೇ ಹೋಗುತ್ತವೆ. ಅಲ್ಲಿ ತಾಮ್ರಕ್ಕಾಗಿ ವೈರು ಸುಡುತ್ತಾರೆ. ಆ ಹೊಗೆ ಯಾವ ಸ್ಕೋಪಿನಲ್ಲೂ ಇಲ್ಲ.

ಇಷ್ಟಾದ ಮೇಲೂ ನಿಮಗೆ ಹಸಿರು ಕಚೇರಿ ಬೇಕೆಂದರೆ, ಮೊಬೈಲಿನ ಶಾಪಿಂಗ್ ಆ್ಯಪ್ ಮುಚ್ಚಿ, ಹಳೆಯ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಎಸ್.ಪಿ. ರೋಡಿಗೆ ಹೋಗಿ. ಬ್ಯಾಟರಿ ಬದಲಿಸಿ, ಹಾರ್ಡ್ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿ. ಇನ್ನೊಂದಷ್ಟು ವರ್ಷ ಓಡುತ್ತದೆ. ಮೊದಲ ಅಂಗಡಿಯವನು ಹೇಳಿದ ರೇಟಿಗೆ ಒಪ್ಪಬೇಡಿ. ಭಾನುವಾರ ಹೋಗಬೇಡಿ, ಹೆಚ್ಚಿನ ಅಂಗಡಿ ಮುಚ್ಚಿರುತ್ತವೆ.