ಚೀಟಿ ಕಾಕಾ

ಜಮಖಂಡಿಯ ನಮ್ಮ ಓಣಿಯಲ್ಲಿ ಒಬ್ಬ ಕಾಕಾ ಇದ್ದಾರೆ. ನಿಮ್ಮ ಓಣಿಯಲ್ಲೂ ಇರಬೇಕು, ನೋಡಿ: ಬ್ಯಾಂಕಿನಿಂದ ನಿವೃತ್ತಿ, ಕಿಸೆಯಲ್ಲಿ ಭೂತಗನ್ನಡಿ, ಮಾಳಿಗೆಯ ಮೇಲೆ ಎಂಬತ್ತು ಕುಂಡ, ಒಂದೊಂದು ಕುಂಡದಲ್ಲೂ ಮೊಸರಿನ ಡಬ್ಬಿ ಕತ್ತರಿಸಿ ಮಾಡಿದ ಬಿಳಿ ಚೀಟಿ. ತುಳಸಿಗೂ ಚೀಟಿ. ಬಂದವರು ಬರೀ ತುಳಸಿ ಅಂದರೆ ಕಾಕಾಗೆ ಸಮಾಧಾನವಿಲ್ಲ; ಕೃಷ್ಣತುಳಸಿಯೋ ರಾಮತುಳಸಿಯೋ ಹೇಳಿಯೇ ಕೈಮುಗಿಯಬೇಕು. ಸಂತೆಯಲ್ಲಿ ದಾಳಿಂಬೆಯವನ ಮುಂದೆ ಕೂತು, 'ಇದು ಭಗವಾ ಅಲ್ಲೋ ತಮ್ಮಾ' ಎಂದು ಕಾಲು ಗಂಟೆ ವಾದಿಸಿ, ಕಡೆಗೆ ಬಾಳೆಹಣ್ಣು ತಗೊಂಡು ಬರುತ್ತಾರೆ.

ಕಾಕಾನದು ಪೂರ್ತಿ ತಪ್ಪೂ ಅಲ್ಲ. ನಮ್ಮದು ಕಬ್ಬಿನ ಸೀಮೆ. 'ಯಾವುದು ಹಚ್ಚೀರಿ?' ಎಂದರೆ ರೈತ 'ಕಬ್ಬು' ಅನ್ನುವುದಿಲ್ಲ, '86032' ಅನ್ನುತ್ತಾನೆ. ಕೊಯಮತ್ತೂರಿನ ಸಂಶೋಧಕರು ಕೊಟ್ಟ ನಂಬರು ಇಲ್ಲಿ ಮನೆಮಗನ ಹೆಸರಿನಷ್ಟು ಸಲೀಸು. ಇಂಥ ಊರಲ್ಲಿ ಅನಾಮಧೇಯ ಗಿಡವೊಂದು ಬದುಕುವುದು ಹೇಗೆ?

ಎರಡು ವರ್ಷದ ಹಿಂದೆ ಕಾಕಾ ಒಂದು ಸಸ್ಯಮೇಳಕ್ಕೆ ಹೋಗಿದ್ದರು. ಎಲ್ಲಿಯದು ಎಂದು ಕೇಳಬೇಡಿ, ಮಾರಿದವರೂ ನಮ್ಮವರೇ. 450 ರೂಪಾಯಿ ಕೊಟ್ಟು ಒಂದು ಆರ್ಕಿಡ್ ತಂದರು. ಚೀಟಿಯ ಮೇಲೆ 'ಡೆಂಡ್ರೋಬಿಯಂ, ನೀಲಿ' ಎಂದಿತ್ತು.

"ಅಲ್ರೀ, ನೀಲಿ ಹೂ ಎಲ್ಲೈತಿ?" ಎಂದು ಕಾಕು ಕೇಳಿದರು.

"ಚೀಟ್ಯಾಗ ಐತಿ."

ಮೂರನೇ ತಿಂಗಳಿಗೆ ಕಾಕಾನ ನಿದ್ದೆ ಕೆಟ್ಟಿತು. ಡೆಂಡ್ರೋಬಿಯಂ ಆದರೆ ಕಬ್ಬಿನ ಹಾಗೆ ಬುಡದಿಂದ ಮರಿ ಒಡೆದು, ಗಣಿಕೆಯ ಪಕ್ಕ ಗಣಿಕೆ ಎದ್ದು ಹಿಂಡಾಗಬೇಕು. ಇದು ಒಂಟಿ ಕಾಂಡ. ಎಡಕ್ಕೊಂದು ಬಲಕ್ಕೊಂದು ಪಟ್ಟಿಯಂಥ ಎಲೆ ಬಿಟ್ಟುಕೊಂಡು ನೆಟ್ಟಗೆ ಮೇಲಕ್ಕೇ ಹೊರಟಿತ್ತು; ದಪ್ಪ ಬೇರುಗಳು ಕುಂಡ ಬಿಟ್ಟು ಗಾಳಿಯಲ್ಲಿ ಜೋತಾಡುತ್ತಿದ್ದವು. ಫೋಟೊ ತೆಗೆದು ಫೋನಿಗೆ ಕೇಳಿದರು. ಬೆಳಿಗ್ಗೆ 'ಆರ್ಕಿಡ್' ಅಂದಿತು, ಸಂಜೆ 'ಗೋವಿನಜೋಳ' ಅಂದಿತು. ಪುಸ್ತಕ ತರಿಸಿದರು. ಕಾಡು ಆರ್ಕಿಡ್‌ಗಳೇ 25,000ಕ್ಕೂ ಹೆಚ್ಚು, ಮನುಷ್ಯ ಬೆರಕೆ ಮಾಡಿ ಲಂಡನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯಲ್ಲಿ ನೋಂದಾಯಿಸಿದವು ಲಕ್ಷ ದಾಟಿವೆ. ಹೂವಿನಲ್ಲಿ ಒಂದು ಎಸಳು ಮಿಕ್ಕವಕ್ಕಿಂತ ಬೇರೆ, ಅದಕ್ಕೆ ತುಟಿ ಎನ್ನುತ್ತಾರೆ. ಅದನ್ನು ಕಾಣದೆ ಹೆಸರು ಹೇಳುವುದು ಕಷ್ಟ ಎಂದು ಬರೆದಿತ್ತು. ಕಾಕಾ ದಿನಾ ಭೂತಗನ್ನಡಿ ಹಿಡಿದು, ಅದು ತುಟಿ ಬಿಚ್ಚಲಿ ಎಂದು ಕಾದರು. ಅವರ ಎದುರಿಗೆ ಬಾಯಿ ಬಿಡಲು ಮನುಷ್ಯರೇ ಹೆದರುತ್ತಾರೆ, ಗಿಡದ ಪಾಡೇನು.

ಇಷ್ಟರಲ್ಲಿ ಮುಧೋಳದ ಬೀಗರು ಬಂದರು. ನಾಯಿ ಸಾಕಿದವರು. "ಮುಧೋಳ ನಾಯಿ ಅಂತ ಹೇಳಿ ಎಂಥೆಂಥಾ ಮರಿ ಮಾರತಾರ ಗೊತ್ತೇನ್ರಿ? ಕಾಗದಾ ನೋಡಬಾರದು. ಬಿಟ್ಟು ಓಡಿಸಿ ನೋಡಬೇಕು" ಎಂದರು. 2005ರಲ್ಲಿ ಅಂಚೆಚೀಟಿಯ ಮೇಲೇ ಕಾಣಿಸಿಕೊಂಡ ತಳಿ ಅದು. ಅದರ ಊರಿನವರೇ ಚೀಟಿ ನಂಬಬೇಡಿ ಎಂದದ್ದು ಕಾಕಾಗೆ ನೋವಾಯಿತು. ಗಿಡವನ್ನು ಓಡಿಸುವುದಾದರೂ ಹೇಗೆ?

ಜೋಳದ ಚೀಲ ಇಳಿಸಲು ಬಂದ ಬೀಳಗಿ ಕಡೆಯ ರೈತ ಇನ್ನೂ ನೋಯಿಸಿದ. "ಇದು ಬಂದನಿಕಿ ಅಲ್ರಿ ಸಾಹೇಬ್ರ? ಬೇವಿನ ಗಿಡದ ಮ್ಯಾಲ ಇಂಥಾದ್ದು ಕಂಡ್ರ ಕಿತ್ತ ಒಗೀತೀವಿ."

ಆ ದಿನ ಚಹಾ ತಣ್ಣಗಾಯಿತು. ಬಂದನಿಕೆ ಮರದೊಳಗೆ ಬೇರು ಚುಚ್ಚಿ ರಸ ಹೀರುವ ಕಳ್ಳ. ಆರ್ಕಿಡ್ ಬರೀ ಹೆಗಲ ಮೇಲೆ ಕೂರುವ ಕೂಸು, ಮಳೆ-ಇಬ್ಬನಿ ಕುಡಿದು ಬದುಕುತ್ತದೆ, ಮರದ ಉಪ್ಪು ತಿನ್ನುವುದಿಲ್ಲ ಎಂದು ಕಾಕಾ ಅರ್ಧ ಗಂಟೆ ಪಾಠ ಹೇಳಿದರು. ಮಾತೆಲ್ಲ ಸರಿ. ಆದರೆ ಮರ ಹತ್ತಿ ಕೂರುವ ಗಿಡಕ್ಕೆ ಸಂಸ್ಕೃತದಲ್ಲಿ 'ವಂದಾ' ಎನ್ನುತ್ತಾರೆ. ಕಲ್ಕತ್ತೆಯಲ್ಲಿ ನ್ಯಾಯಾಧೀಶನಾಗಿದ್ದ ವಿಲಿಯಂ ಜೋನ್ಸ್ 18ನೇ ಶತಮಾನದಲ್ಲಿ ಆ ಹೆಸರನ್ನೇ ಎತ್ತಿ ಒಂದು ಆರ್ಕಿಡ್‌ಗೆ ಇಟ್ಟ. ಇದು ಕಾಕಾನ ಪುಸ್ತಕದಲ್ಲೂ ಇತ್ತು, ಆದರೆ ಅವರು ಇನ್ನೂ 'ಡ' ಅಕ್ಷರದಲ್ಲೇ ಹುಡುಕುತ್ತಿದ್ದರು.

ಈ ವರ್ಷ ಮಿರಗದ ಮಳಿ ಹಿಡಿದಾಗ ಗಿಡ ದಂಟು ಬಿಟ್ಟಿತು. ಕಾಕು ದಿನಾ ಅಕ್ಕಿ ತೊಳೆದ ನೀರು ಹಾಕುತ್ತಿದ್ದುದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಹೂ ಅರಳಿದ ದಿನ ರಬಕವಿ-ಬನಹಟ್ಟಿಯ ನೇಕಾರರೊಬ್ಬರು ಸೀರೆ ಗಂಟು ಹೊತ್ತು ಬಂದಿದ್ದರು. ಹಳದಿ-ಕಂದು ಎಸಳು, ಮೈಮೇಲೆಲ್ಲ ಗೆರೆ ಕೊರೆದ ಹಾಗೆ, ನಡುವೆ ಉಗುರಿನಷ್ಟು ತುಟಿ ಮಾತ್ರ ನೀಲಿ-ನೇರಳೆ. ಗಂಟು ಇಳಿಸಿ, ಚಾಳೀಸು ಏರಿಸಿ, ಸೀರೆಯ ಅಂಚು ನೋಡುವಂತೆ ನೋಡಿ ಅವರೆಂದರು: "ಅಕ್ಕಾರ, ಚೌಕಡಿ ಭಾಳ ಚಲೋ ಬಿದ್ದೈತ್ರಿ. ನಮ್ಮ ಮಗ್ಗದಾಗ ಇಷ್ಟ ಸಣ್ಣದು ಬರಂಗಿಲ್ಲ."

ಕಾಕಾ ಪುಸ್ತಕದ ಕೊನೆಯ ಹಾಳೆಗಳಿಗೆ ಓಡಿದರು. 'ವಂದಾ ಟೆಸ್ಸೆಲ್ಲಾಟಾ.' ಲ್ಯಾಟಿನ್ನಿನ ಟೆಸ್ಸೆಲ್ಲಾಟಾ ಎಂದರೆ ಚೌಕಡಿ. ಒಣ ಸೀಮೆಯ ಕಾಡಿನ ಮರಗಳ ಮೇಲೆ ತಾನಾಗಿ ಬೆಳೆಯುತ್ತದೆ ಎಂದೂ ಅಲ್ಲಿತ್ತು. ಕಾಕಾ ಆ ಸಾಲನ್ನು ಮನಸ್ಸಿನಲ್ಲೇ ಓದಿಕೊಂಡರು. 450 ರೂಪಾಯಿಯ ಸುದ್ದಿ ಬೀಳಗಿಯವನಿಗೆ ಇನ್ನೂ ಗೊತ್ತಿಲ್ಲ, ನೀವೂ ಹೇಳಬೇಡಿ.

"ಇನ್ನರ ಆ ಸುಳ್ಳ ಚೀಟಿ ತಗದ ಒಗೀರಿ" ಎಂದರು ಕಾಕು.

"ಹೆಂಗ ಒಗೀಲಿ? ಬಿಲ್ ಅದರ ಹೆಸರಲೇ ಐತಿ. ಮ್ಯಾಲ, ತುಟಿ ನೀಲಿನ ಐತಲ್ಲ."

ಈಗ ಆ ಕುಂಡದಲ್ಲಿ ಹೊಸ ಚೀಟಿ ಇದೆ, ಹೊಲದ ಉತಾರದಲ್ಲಿ ಬರೆಯುವ ಹಾಗೆಯೇ: 'ಡೆಂಡ್ರೋಬಿಯಂ ಉರ್ಫ್ ವಂದಾ.'